ಚುಕ್ಕಾಣಿಯಲ್ಲಿ ಯಾರೂ ಇಲ್ಲ

ಮಂಜಿನೊಳಗಿಂದ ಥೋರ್ವಾಲ್ಡ್‌ನ ಹಾಯಿದೋಣಿ ಲೂನ್ ಬಂತು. ಎರಡೂ ಹಾಯಿಗಳು ಬಿಚ್ಚಿದ್ದವು. ಚುಕ್ಕಾಣಿಯಲ್ಲಿ ಯಾರೂ ಇರಲಿಲ್ಲ.

ಐಲಿ ಲಾಹ್ತಿ ತಮ್ಮನ ಮೀನುದೋಣಿಯಲ್ಲಿ ನಿಂತಿದ್ದಳು. ಸಂಜೆಯ ಹಾಯಿದೋಣಿ ಪಂದ್ಯಕ್ಕೆ ಗುರಿಯ ತೇಲುಬುಂಡೆ ಹಾಕಲು ಇಬ್ಬರೂ ಬೆಳಗ್ಗೆಯೇ ಸುಪೀರಿಯರ್ ಸರೋವರಕ್ಕೆ ಇಳಿದಿದ್ದರು.

"ಥೋರ್ವಾಲ್ಡ್! ಏ ಮುದುಕಾ, ಒಳಗೆ ಕಾಫಿ ಕಾಯಿಸ್ತಾ ಇದೀಯಾ?"

ಮರದ ದೋಣಿ ತನ್ನ ಪಾಡಿಗೆ ತಾನು ಪಕ್ಕದಲ್ಲೇ ಹಾದು ಹೋಯಿತು. ಸೆಪ್ಟೆಂಬರ್‌ನಲ್ಲೂ ಆ ನೀರಿಗೆ ಬಿದ್ದವನ ಕೈಕಾಲು ಸೆಟೆದುಕೊಳ್ಳಲು ಹೆಚ್ಚು ಹೊತ್ತು ಬೇಡ.

"ಅಕ್ಕಾ, ಬಿಟ್ಬಿಡು. ಪೊಲೀಸ್ರಿಗೆ ಹೇಳೋಣ," ಎಂದ ಟೋಯ್ವೋ.

"ಬಂಡೆಗೆ ಬಡಿಯುತ್ತೆ ಕಣೋ. ಹಗ್ಗ ಎಸಿ."

ಲೂನ್ ಅನ್ನು ಎಳೆದು ತಂದು ಬಂದರಿನ ಧಕ್ಕೆಗೆ ಕಟ್ಟಿದರು. ಒಳಗೆ ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಥೋರ್ವಾಲ್ಡ್ ನೈಗಾರ್ಡ್ ಸಿಕ್ಕಿದ, ಟೋಯ್ವೋ ಹಾಕಿದ್ದ ಮೀನಿನ ಬಲೆಯಲ್ಲಿ.

* * *

"ತಲೆ ಹಿಂದೆ ಪೆಟ್ಟು ಬಿದ್ದಿದೆ," ಎಂದ ಬೆಲಾಂಜರ್. ಆ ಜಿಲ್ಲೆಯ ಪೊಲೀಸ್ ಅಧಿಕಾರಿ ಅವನು. ಹತ್ತು ವರ್ಷದಿಂದ ಅವನ ಹಲ್ಲು ನೋಡುತ್ತಿದ್ದವಳು ಐಲಿಯೇ. ಊರಿಗೆಲ್ಲ ಇದ್ದ ಒಬ್ಬಳೇ ದಂತವೈದ್ಯೆ. "ಹಾಯಿಯ ಅಡ್ಡಕಂಬ ತಿರುಗಿ ಬಡಿದಿರಬೇಕು ಅಂದ್ಕೊಂಡೆ. ಆದ್ರೆ ಶ್ವಾಸಕೋಶದಲ್ಲಿ ನೀರೇ ಇಲ್ಲ ಡಾಕ್ಟ್ರೇ. ಸತ್ತ ಮೇಲೆ ನೀರಿಗೆ ಬಿದ್ದಿದ್ದಾನೆ."

"ಬಡಿದು ದೋಣೀಲೇ ಸತ್ತು, ಆಮೇಲೆ ಜಾರಿರಬಹುದಲ್ಲ?"

"ಇರಬಹುದು. ಆದ್ರೆ ನಿಮ್ಮ ತಮ್ಮ ಹೋದ ವಾರ ಬಾರ್‌ನಲ್ಲಿ ನಿಂತು ಏನಂದಿದ್ದ ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಊರಿಗೆ ಊರೇ ಕೇಳಿಸಿಕೊಂಡಿತ್ತು. ಥೋರ್ವಾಲ್ಡ್‌ನ ದೋಣಿ ಎರಡು ಸಲ ಟೋಯ್ವೋನ ಬಲೆ ಹರಿದಿತ್ತು. ಇನ್ನೊಂದು ಸಲ ಬಂದರೆ ನಿನ್ನನ್ನೇ ಬಲೆಗೆ ಹಾಕುತ್ತೇನೆ ಎಂದು ಅವನು ಅಬ್ಬರಿಸಿದ್ದ. ಬಾಯಿ ಬೊಂಬಾಯಿ, ಮನಸ್ಸು ಬೆಣ್ಣೆ. ಆದರೆ ಅದು ನ್ಯಾಯಾಲಯಕ್ಕೆ ಗೊತ್ತಿರುವುದಿಲ್ಲವಲ್ಲ.

"ನಿನ್ನೆ, ಮಂಗಳವಾರ ಸಂಜೆ ಅವನೆಲ್ಲಿದ್ದ?"

ಪಂದ್ಯದ ಹಿಂದಿನ ಸಂಜೆ ಹಾಯಿಯವರಿಗೆಲ್ಲ ಕ್ಲಬ್ಬಿನಲ್ಲಿ ಊಟ. ತಾನೂ ಪಂದ್ಯದವಳಾದ್ದರಿಂದ ಐಲಿ ಅಲ್ಲಿದ್ದಳು. ಮೀನುಗಾರರನ್ನು ಆ ಊಟಕ್ಕೆ ಯಾರು ಕರೆಯುತ್ತಾರೆ? ಟೋಯ್ವೋ ಮನೆಯಲ್ಲಿ ಒಬ್ಬನೇ ಇದ್ದ.

ಸಂಜೆಯೊಳಗೆ ಅವನನ್ನು ಕರೆದೊಯ್ದರು. ಕಾರು ಹತ್ತುವಾಗ ಅವನು ಅಕ್ಕನನ್ನೇ ತಿರುಗಿ ನೋಡಿದ. ಅಪ್ಪ ಅಮ್ಮ ಹೋದ ಮೇಲೆ ಇವನನ್ನು ಬೆಳೆಸಿದವಳು ಅವಳು. ಈಗ ಅವನ ಜೀವಮಾನವೆಲ್ಲ ಜೈಲಿನಲ್ಲಿ ಕಳೆಯುವ ಮಾತು.

* * *

ಮರುದಿನ ಬೆಲಾಂಜರ್ ತಾನೇ ಕರೆದ. "ನನಗೆ ದೋಣಿ ತಲೆಬುಡ ತಿಳಿಯಲ್ಲ. ನೀವು ಹಾಯಿಯವರು, ಒಮ್ಮೆ ನೋಡಿ. ಏನಾದ್ರೂ ಎಡವಟ್ಟು ಕಂಡ್ರೆ ಹೇಳಿ."

ಐಲಿ ಲೂನ್‌ನ ಹೊಟ್ಟೆಗೆ ಇಳಿದಳು. ಹಳೇ ಮರದ ವಾಸನೆ, ವಾರ್ನಿಶ್ ವಾಸನೆ. ಅರವತ್ತು ವರ್ಷದ ದೋಣಿ ಆದರೂ ಒಂದು ಹಗ್ಗ ಅತ್ತಿತ್ತ ಇರಲಿಲ್ಲ. ಮೇಲೆ ಬೆಲಾಂಜರ್‌ನ ಫೋನು ಹೊಡೆದುಕೊಂಡಿತು. ಅವನ ಬೂಟಿನ ಸದ್ದು ಧಕ್ಕೆಯ ಉದ್ದಕ್ಕೂ ದೂರವಾಯಿತು.

ಅವಳು ಮೆಟ್ಟಿಲು ಸರಿಸಿ ನೆಲದ ಹಲಗೆ ಎತ್ತಿದಳು. ತನಿಖೆಗಲ್ಲ, ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಿಗೆ. ಈ ಮುದಿ ದೋಣಿ ವರ್ಷ ವರ್ಷವೂ ತನ್ನನ್ನು ಹೇಗೆ ಸೋಲಿಸುತ್ತಿತ್ತೆಂದು ನೋಡಬೇಕಿತ್ತು. ಹೊಟ್ಟೆಯ ಮೇಲೆ ಮಲಗಿ, ಕೊಳೆತ ಮರ ನಾರುತ್ತಿದ್ದ ತೂತಿನೊಳಗೆ ಭುಜದವರೆಗೂ ಇಳಿದು, ಜೇಬಿನಲ್ಲಿದ್ದ ಹಲ್ಲು ನೋಡುವ ಪುಟ್ಟ ಕನ್ನಡಿ ಚಾಚಿದಳು. ಎಂಜಿನ್ನಿನಿಂದ, ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಹೊರಗಿನ ಪಂಖಕ್ಕೆ ಹೋಗುವ ಕಬ್ಬಿಣದ ದಂಡ ಕಂಡಿತು. ಅದರ ಮೇಲೊಂದು ಬಿಳಿ ಬಣ್ಣದ ಗುರುತು. ನೇರ ಮೇಲಕ್ಕೆ ನಿಂತಿತ್ತು.

ಅವಳು ಕನ್ನಡಿ ತಿರುಗಿಸಿ ಇನ್ನೊಮ್ಮೆ ನೋಡಿದಳು.

ಇಂಥ ಗುರುತು ಅವಳ ದೋಣಿಯಲ್ಲೂ ಇತ್ತು, ಉಗುರಿನ ಬಣ್ಣದ್ದು. ಬಂದರಿನಿಂದ ಹೊರಬೀಳಲು ಎಂಜಿನ್ ಬೇಕು. ಹಾಯಿ ಏರಿಸಿದ ಮೇಲೆ ಪಂಖ ಬರೀ ಭಾರ, ನೀರಿಗೆ ಅಡ್ಡ. ಪಂದ್ಯದವರು ಆಗ ಕೆಳಗಿಳಿದು, ಹೀಗೇ ಮಲಗಿ, ಗುರುತು ಮೇಲೆ ಬರುವವರೆಗೂ ದಂಡವನ್ನು ಕೈಯಲ್ಲೇ ತಿರುಗಿಸಿ ಗೇರ್ ಹಾಕಿ ಬಿಗಿಯುತ್ತಾರೆ. ಪಂಖದ ಎರಡೂ ರೆಕ್ಕೆಗಳು ದೋಣಿಯ ಅಡಿಮರದ ಹಿಂದೆ ಅವಿತುಕೊಳ್ಳುತ್ತವೆ.

ಥೋರ್ವಾಲ್ಡ್‌ಗೆ ವಸಂತದಲ್ಲಿ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಬೂಟಿನ ದಾರ ಕಟ್ಟಿಕೊಳ್ಳಲೂ ಅವನಿಗೆ ಬಗ್ಗಲಾಗುತ್ತಿರಲಿಲ್ಲ.

ಅಷ್ಟರಲ್ಲಿ ದೋಣಿ ಸ್ವಲ್ಪ ವಾಲಿತು. ಯಾರೋ ಹತ್ತಿದ್ದರು.

* * *

"ಡಾಕ್ಟ್ರೇ, ಅಲ್ಲೇನ್ ಹುಡುಕ್ತಿದೀರಾ?"

ಕರ್ಟಿಸ್ ವುಕೆಲಿಚ್. ಹನ್ನೆರಡು ವರ್ಷದಿಂದ ಥೋರ್ವಾಲ್ಡ್‌ನ ಜೊತೆ ಇದೇ ದೋಣಿಯಲ್ಲಿ ಪಂದ್ಯಕ್ಕೆ ಇಳಿಯುತ್ತಿದ್ದವನು. ಪ್ರತಿ ಏಪ್ರಿಲ್‌ನಲ್ಲಿ ಇದರ ಮೈ ಕೆರೆದು ಬಣ್ಣ ಬಳಿಯುತ್ತಿದ್ದವನೂ ಅವನೇ. ಮಂಗಳವಾರದ ಊಟಕ್ಕೆ ಬರದಿದ್ದವರು ಇಬ್ಬರೇ: ಥೋರ್ವಾಲ್ಡ್ ಮತ್ತು ಇವನು. ಡುಲುತ್‌ನಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ ಅಂದಿದ್ದ.

"ಪಂಪ್ ನೋಡ್ತಿದ್ದೆ ಕರ್ಟಿಸ್. ನೀರು ಜಾಸ್ತಿ ಅನ್ನಿಸ್ತು."

"ಪಂಪ್ ಆ ಕಡೆ ಇದೆ."

ಅವಳು ನಿಧಾನವಾಗಿ ಎದ್ದು ಕುಳಿತಳು. ಅವನು ಒಳಗಿಳಿದು ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಕಪಾಟಿನಿಂದ ಮರದ ಸುತ್ತಿಗೆ ತೆಗೆದುಕೊಂಡ, ನೀರು ಸೋರದಂತೆ ಹಲಗೆಯ ಸಂದಿಗೆ ಹತ್ತಿ ಜಡಿಯುವಂಥದ್ದು. ಅವನ ದವಡೆ ಅರೆಯುತ್ತಿತ್ತು. ಹಲ್ಲು ತೋರಿಸಲು ಅವಳ ಕುರ್ಚಿಯಲ್ಲಿ ಕೂತಾಗಲೂ ಅವನದು ಅದೇ ಅಭ್ಯಾಸ.

"ಗುರುತು ಮೇಲಿದೆ, ಅಲ್ವಾ?" ಎಂದ. "ರಾತ್ರಿಯೆಲ್ಲ ಅದೇ ಯೋಚ್ನೆ. ಹಾಯಿ ಏರಿಸ್ದೆ, ಕೆಳಗಿಳಿದೆ, ತಿರುಗಿಸ್ದೆ. ಹನ್ನೆರಡು ವರ್ಷದ ಕೈ ಡಾಕ್ಟ್ರೇ. ನಾನು ಯೋಚ್ನೆ ಮಾಡೋಕೆ ಮುಂಚೆ ಅದೇ ಮಾಡ್ಬಿಡ್ತು."

ಕೂಗಿದರೆ ಬೆಲಾಂಜರ್ ಬರುವಷ್ಟರಲ್ಲಿ ಒಂದೇ ಏಟು ಸಾಕು. ಜೀವ ಕೈಯಲ್ಲಿ ಹಿಡಿದು, ಹೆದರಿದ ರೋಗಿಯ ಜೊತೆ ಆಡುವ ಧ್ವನಿಯಲ್ಲಿ ಅವಳು ಮಾತಾಡಿದಳು.

"ದೋಣಿಗೇನಾಗಿದೆ ಕರ್ಟಿಸ್? ಎಲ್ಲಿ ಕೊಳೆತಿದೆ?"

ಅವನ ಮುಖವೇ ಬದಲಾಯಿತು. "ನಿಮಗ್ಯಾರು ಹೇಳಿದ್ರು? ಹಲಗೆ ಹಿಡಿಯೋ ಪಕ್ಕೆಗಳಲ್ಲಿ ಐದೇ ಕೊಳೆತಿರೋದು. ಬರೀ ಐದು!"

"ತೋರ್ಸು ನೋಡೋಣ."

ಅವನು ಮಂಡಿಯೂರಿದ. ಸುತ್ತಿಗೆ ಪಕ್ಕಕ್ಕಿಟ್ಟು, ತೂತಿನೊಳಗೆ ಕೈ ಚಾಚಿ ಮರ ಸವರಿದ. "ಚಳಿಗಾಲದಲ್ಲಿ ನಾನೇ ಹೊಸದು ಕೂರಿಸ್ತಿದ್ದೆ. ಅವನು ಬೇಡ ಅಂದ. ಇದೇ ಕೊನೇ ಪಂದ್ಯ, ಶನಿವಾರ ಗರಗಸ ತರ್ತೀನಿ, ದಡದಲ್ಲೇ ಕಡಿದು ಸುಡ್ತೀನಿ ಅಂದ. ನಗ್ತಾ ಹೇಳಿದ ಡಾಕ್ಟ್ರೇ, ನಗ್ತಾ!"

ಐಲಿ ಕಾಲಿನಿಂದ ಸುತ್ತಿಗೆಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಮೆಟ್ಟಿಲಿಲ್ಲದ ಬಾಗಿಲಿಗೆ ಜೋತುಬಿದ್ದು ಹೊರಗೆ ತಲೆ ಹಾಕಿ ಕಿರುಚಿದಳು. ಬೆಲಾಂಜರ್ ಧಕ್ಕೆಯ ಮೇಲೆ ಓಡಿ ಬಂದ. ಕರ್ಟಿಸ್ ಎದ್ದೇಳಲೂ ಇಲ್ಲ.

* * *

"ಎಲ್ಲ ಒಪ್ಪಿಕೊಂಡಿದ್ದಾನೆ," ಎಂದ ಬೆಲಾಂಜರ್ ಠಾಣೆಯಲ್ಲಿ. "ಹೊಡೆದು ಕೊಂದು, ಹೆಣ ಹಾಕ್ಕೊಂಡು ಹೊರಗೆ ಹೋಗಿ, ಹಾಯಿ ಏರಿಸಿ, ಹೆಣ ನೀರಿಗೆ ತಳ್ಳಿ, ಹಿಂದೆ ಕಟ್ಟಿದ್ದ ಪುಟ್ಟ ದೋಣೀಲಿ ಹುಟ್ಟು ಹಾಕ್ಕೊಂಡು ವಾಪಸ್ ಬಂದ. ಆದ್ರೆ ಆ ಗುರುತಿಂದ ಇವನೇ ಅಂತ ಹೇಗೆ ಹೊಳೀತು?"

"ಮುದುಕನಿಗೆ ಬಗ್ಗೋಕಾಗ್ತಿರಲಿಲ್ಲ. ಅಂದ್ರೆ ಇನ್ನೊಬ್ಬ ಇದ್ದ. ನನ್ನ ತಮ್ಮ ಮೀನುಗಾರ, ಅವನಿಗೆ ಪಂಖ ಇರೋದೇ ತಿರುಗೋಕೆ. ಅದನ್ನ ಬಚ್ಚಿಡೋ ಹುಚ್ಚು ಪಂದ್ಯದವರಿಗೆ ಮಾತ್ರ. ಮಂಗಳವಾರ ಪಂದ್ಯದವರೆಲ್ಲ ನನ್ನ ಜೊತೆ ಊಟಕ್ಕೆ ಕೂತಿದ್ರು, ಇವನೊಬ್ಬನ್ನ ಬಿಟ್ಟು. ನಾವು ಎಳ್ಕೊಂಡು ಬಂದಾಗ ಎಂಜಿನ್ ಹಚ್ಚಲಿಲ್ಲ. ಗುರುತು ಅವನು ಬಿಟ್ಟ ಹಾಗೇ ಇತ್ತು."

ಟೋಯ್ವೋ ಹೊರಗೆ ಬಂದ. ಎರಡು ದಿನಕ್ಕೇ ಮುಖ ಇಳಿದಿತ್ತು. ಐಲಿ ಅವನನ್ನು ಬಿಗಿಯಾಗಿ ಅಪ್ಪಿಕೊಂಡು ಅತ್ತಳು.

ಅಷ್ಟರಲ್ಲಿ ಕರ್ಟಿಸ್‌ನನ್ನು ಬೇಡಿ ಹಾಕಿ ಕರೆತಂದರು. ಥೋರ್ವಾಲ್ಡ್‌ನ ಹೆಸರು ಅವನ ಬಾಯಲ್ಲಿ ಬರಲಿಲ್ಲ. "ಡಾಕ್ಟ್ರೇ, ಬೆಳಗ್ಗೆ ಸಂಜೆ ನೀರು ಹೊರಗೆ ಹಾಕ್ಬೇಕು. ಇಲ್ದಿದ್ರೆ ಮುಳುಗುತ್ತೆ," ಎಂದಷ್ಟೇ ಹೇಳಿದ.

"ಹುಚ್ಚು ನನ್ಮಗ," ಎಂದ ಟೋಯ್ವೋ. "ಒಂದ್ ದೋಣಿಗೋಸ್ಕರ ಮನುಷ್ಯನ್ನ ಕೊಲ್ತಾರೇನಕ್ಕಾ? ನಡಿ, ಮನೆಗೆ ಹೋಗೋಣ."

"ನೀನು ಮುಂದೆ ಹೋಗಿರು," ಎಂದಳು ಐಲಿ. "ಅದರ ನೀರು ತೆಗೆದು ಬರ್ತೀನಿ. ಬರೀ ಐದು ಪಕ್ಕೆ ಕಣೋ."

ಟೋಯ್ವೋ ಎರಡು ಹೆಜ್ಜೆ ಹಿಂದೆ ಸರಿದು ಅಕ್ಕನ ಮುಖವನ್ನೇ ನೋಡಿದ.