ಬೊಂಬೆಯ ಉಸಿರು

ಬಹಳ ಬಹಳ ಹಿಂದೆ, ಆದರೆ ಮೊಬೈಲು ಬಂದ ಮೇಲೆ, ಕೇದಗೆನಾಡು ಎಂಬ ರಾಜ್ಯವಿತ್ತು. ಅಷ್ಟು ಹಿಂದೆ ಮೊಬೈಲು ಎಲ್ಲಿತ್ತು ಎಂದು ಕೇಳುವವರು ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಬಹುದು.

ಆ ನಾಡಿನ ಮರದ ಬೊಂಬೆಗಳಿಗೆ ಉಸಿರಿತ್ತು. ಕಲ್ಲಿನ ಮಣೆಯ ಮೇಲಿಟ್ಟರೆ ಆನೆ ಆನೆಯಾಗಿ, ನವಿಲು ನವಿಲಾಗಿ ಎದ್ದು, ಇಟ್ಟವರ ಮಾತು ಕೇಳುತ್ತಿತ್ತು. ಬೊಂಬೆ ಮಾಡುವ ಮನೆಗಳಲ್ಲಿ ಒಂದು ಪದ್ಧತಿ. ಬೊಂಬೆಯನ್ನು ಬೇರೆಯವರ ಕೈಗೆ ಕೊಡುವ ಮೊದಲು ಅದರ ತಳಕ್ಕೆ ಮೊಬೈಲು ತಾಗಿಸಿ ಉಸಿರು ಇಳಿಸಿಕೊಳ್ಳುತ್ತಿದ್ದರು. ಮುಂದೆ ಬೊಂಬೆ ಒಡೆದರೂ ಮೊಬೈಲನ್ನೇ ಮಣೆಯ ಮೇಲಿಟ್ಟರೆ ಅದೇ ಪ್ರಾಣಿ ಎದ್ದು ಬರುತ್ತಿತ್ತು.

ದಂಡಕೇತು ಎಂಬ ಮಾಂತ್ರಿಕನಿಗೆ ಬೊಂಬೆ ಕೂಡಿಡುವ ಹುಚ್ಚು. ತಾನೂ ತಿನ್ನ, ಪರರಿಗೂ ಕೊಡ ಎನ್ನುವ ಆಸಾಮಿ. ನಾಡಿನ ಬೊಂಬೆಗಳನ್ನೆಲ್ಲ ಕಿತ್ತುಕೊಂಡು, ಗಾಜಿನ ಪೆಟ್ಟಿಗೆಗಳಲ್ಲಿಟ್ಟು, ಮಂತ್ರದ ಮುದ್ರೆ ಒತ್ತಿ, ನೋಡುತ್ತಾ ಕೂತ. ಕೊಡುವುದಿಲ್ಲ ಎಂದ, ಬೊಂಬೆ ಮಾಡುವ ಹೊನ್ನಾಜಿ ಎಂಬವಳನ್ನು ಬೊಂಬೆ ಮಾಡಿಯೇ ಹೊತ್ತೊಯ್ದ. ಹುಣ್ಣಿಮೆಯ ದಿನ ಸೂರ್ಯ ಮುಳುಗಿದರೆ ಅವಳು ಎಂದೆಂದಿಗೂ ಮರ.

ಹೊನ್ನಾಜಿಯ ತಂಗಿ ದೇವೀರಿ. ಅವಳನ್ನು ಎತ್ತಿ ಆಡಿಸಿದ್ದೂ ಅಕ್ಕನೇ, ಬೊಂಬೆಗೆ ಬಣ್ಣದ ಅರಗು ಹಚ್ಚಲು ಕಲಿಸಿದ್ದೂ ಅಕ್ಕನೇ. ಅಕ್ಕನಿಲ್ಲದ ಮನೆಯಲ್ಲಿ ಅವಳಿಗೆ ಒಂದು ತುತ್ತೂ ಇಳಿಯಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ಸೊಂಟಕ್ಕೆ ಮೊಬೈಲು ಸಿಕ್ಕಿಸಿ, ತಲೆಯ ಮೇಲೆ ಮಣೆ ಹೊತ್ತು ಹೊರಟೇಬಿಟ್ಟಳು. ಅವಸರದಲ್ಲಿ ನೋಡಿಕೊಂಡಿರಲಿಲ್ಲ, ಮೂರು ಉಸಿರಿಗಾಗುವಷ್ಟೇ ಚಾರ್ಜು ಇತ್ತು.

ಮಾಂತ್ರಿಕನ ಕೋಟೆಯ ಮೊದಲ ಬಾಗಿಲಲ್ಲಿ ಬೆಂಕಿಯ ಕಂದಕ. ದೇವೀರಿ ಮಣೆ ಇಟ್ಟಳು, ಮೊಬೈಲು ಇಟ್ಟಳು. ಆನೆ ಎದ್ದಿತು.

"ಏನವ್ವ?"

"ಕೆರೆ ನೀರು ತಂದು ಸುರಿಯಪ್ಪ."

ಆನೆ ಸುರಿಯಿತು, ಬೆಂಕಿ ಆರಿತು.

ಎರಡನೆಯ ಬಾಗಿಲಲ್ಲಿ ಏಳು ಸಾವಿರ ಹಾವು. ಮಣೆ ಇಟ್ಟಳು, ಮೊಬೈಲು ಇಟ್ಟಳು. ನವಿಲು ಎದ್ದಿತು.

"ಏನವ್ವ?"

"ದಾರಿ ಬಿಡಿಸಪ್ಪ."

ನವಿಲು ಗರಿಗೆದರಿತು, ಹಾವುಗಳು ಹುತ್ತ ಸೇರಿದವು.

ಮೂರನೆಯ ಬಾಗಿಲಲ್ಲಿ ದಂಡಕೇತುವೇ ನಿಂತಿದ್ದ. ಅವನ ಹಿಂದೆ ಗೋಡೆಯ ತುಂಬ ಪೆಟ್ಟಿಗೆಗಳು. ಸೂರ್ಯ ಬೆಟ್ಟದ ತಲೆ ಮುಟ್ಟಿದ್ದ.

"ಸಿಂಹವನ್ನು ಕರೆಯುತ್ತೀಯಾ? ಕರೆ," ಎಂದು ಅವನು ನಕ್ಕ. "ಅದು ತಿಂದರೂ ನಾನು ಸಾಯುವುದಿಲ್ಲ, ನನ್ನ ಜೀವ ನನ್ನೊಳಗಿಲ್ಲ. ಪೆಟ್ಟಿಗೆ ಒಡೆದವರು ಕಲ್ಲಾಗುತ್ತಾರೆ. ಮುದ್ರೆ ಬಿಡಿಸುವ ಮಂತ್ರ ಬಲ್ಲವನು ನಾನೊಬ್ಬನೇ."

ಮೂರನೆಯ ಸಾಲಿನಲ್ಲಿ ಅಕ್ಕ ಇದ್ದಳು, ಗೇಣುದ್ದ. ಅಕ್ಕನ ಪಕ್ಕದ ಪೆಟ್ಟಿಗೆಯಲ್ಲಿ ಒಂದು ಮಂಕು ಬೊಂಬೆ. ಕೇದಗೆನಾಡಿನವರು ಕೇದಗೆ ಗರಿಯಿಂದ ಉಜ್ಜಿದ ಅರಗಿನಲ್ಲಿ ಕನ್ನಡಿಯಂತೆ ಮುಖ ಕಾಣಬೇಕು. ಇದನ್ನು ಕಸುಬು ತಿಳಿಯದವರು ಯಾರೋ ಮಾಡಿದ್ದರು. ಮೂಗು ಮಾತ್ರ ಥೇಟು ದಂಡಕೇತುವಿನದು.

"ಎಷ್ಟು ಚೆಂದಾಗಿ ಜೋಡ್ಸಿದ್ದೀಯ," ಎಂದಳು ದೇವೀರಿ. "ಒಡೆಯಲ್ಲ, ಹತ್ರದಿಂದ ನೋಡ್ಲಾ?"

ಅವನ ಬೊಂಬೆಗಳನ್ನು ಅಲ್ಲಿಯವರೆಗೆ ಯಾರೂ ಹೊಗಳಿರಲಿಲ್ಲ. ಉಬ್ಬಿಹೋಗಿ ದಾರಿ ಬಿಟ್ಟ. ದೇವೀರಿ ಬಗ್ಗಿ, ಮಂಕು ಬೊಂಬೆಯ ಪೆಟ್ಟಿಗೆಗೆ ಮೊಬೈಲು ತಾಗಿಸಿದಳು. ಬೊಂಬೆಯ ಉಸಿರು ಗಾಜಿನೊಳಗಿಂದಲೂ ಇಳಿಯುತ್ತದೆ. ಬೊಂಬೆ ಮಾಡಿದವರಿಗೆ ಅದು ಗೊತ್ತು, ಬರೀ ಕೂಡಿಟ್ಟವನಿಗೆ ಗೊತ್ತಿರಲಿಲ್ಲ.

ಮಣೆ ಇಟ್ಟಳು, ಮೊಬೈಲು ಇಟ್ಟಳು. ಇನ್ನೊಬ್ಬ ದಂಡಕೇತು ಎದ್ದು ಕೈಮುಗಿದ.

"ಏನವ್ವ?"

"ಮುದ್ರೆ ಬಿಡಿಸೋ ಮಂತ್ರ ಹೇಳಪ್ಪ."

"ಹೇಳಬೇಡ ಕಣೋ, ನಿನ್ನ ದಮ್ಮಯ್ಯ," ಎಂದು ಮೊದಲ ದಂಡಕೇತು ಅವನ ಕಾಲಿಗೆ ಬಿದ್ದ. ಆದರೆ ಇಟ್ಟವರ ಮಾತು ಕೇಳುವುದೇ ಬೊಂಬೆಯ ಗುಣ. ಎರಡನೆಯವನು ಮಂತ್ರ ಹೇಳಿದ.

ಪೆಟ್ಟಿಗೆಗಳೆಲ್ಲ ಒಟ್ಟಿಗೆ ತೆರೆದುಕೊಂಡವು, ಮಂಕು ಬೊಂಬೆಯದೂ ತೆರೆದುಕೊಂಡಿತು. ಮುದ್ರೆ ಅದರೊಳಗೆ ಹಿಡಿದಿಟ್ಟಿದ್ದ ಮಾಂತ್ರಿಕನ ಜೀವ ಹೊಗೆಯಾಗಿ ಹೋಯಿತು. ಮಾಂತ್ರಿಕ ಕೊರಡಾಗಿ ಉರುಳಿದ. ಮೊಬೈಲು ಆರಿತು, ಎರಡನೆಯವನೂ ಮಾಯವಾದ.

ಹೊನ್ನಾಜಿ ಮತ್ತೆ ಆಳೆತ್ತರಕ್ಕೆ ಬೆಳೆದು, ಕಣ್ಣುಜ್ಜಿಕೊಂಡು ಕೆಳಗಿಳಿದಳು. ಕಪ್ಪಾದ ಮೊಬೈಲು ನೋಡಿದಳು.

"ಚಾರ್ಜು ಹಾಕ್ದೆ ಬಂದ್ಯಾ, ಮೂದೇವಿ?"

ದೇವೀರಿ ಅಕ್ಕನ ಕೊರಳಿಗೆ ಬಿದ್ದು ಅತ್ತಳು, ಅಳುತ್ತಲೇ ನಕ್ಕಳು.

ಅಂದಿನಿಂದ ಕೇದಗೆನಾಡಿನಲ್ಲಿ ಎಲ್ಲರೂ ಸುಖವಾಗಿದ್ದಾರೆ. ಬೊಂಬೆಗಳ ಅರಗು ಮಾತ್ರ ಮಕ್ಕಳ ಕೈಯಲ್ಲಿ ಸವೆಯುತ್ತಲೇ ಇದೆ. ಆ ಕೊರಡನ್ನು ಅಕ್ಕತಂಗಿಯರು ಕಡೆದು ಬುಗುರಿ ಮಾಡಿ, ಕೇದಗೆ ಗರಿಯಿಂದ ಚೆನ್ನಾಗಿ ಉಜ್ಜಿ ಬೀದಿಗೆ ಬಿಟ್ಟರು. ದಂಡಕೇತು ಕೊನೆಗೂ ಆಟಕ್ಕೆ ಬಂದ.