ಮುಳ್ಳು ತೆಗೆಯಲು ಬಾರದವನು

"ಅದನ್ನು ಸಾಯಿಸ್ತೀರಾ ನೀವು?"

ಮೆಟ್ಟಿಲ ಮೇಲೆ ಕೂತು ಬೆಕ್ಕಿನ ಮರಿಗೆ ಹಬೆ ಕೊಡುತ್ತಿದ್ದ ಪ್ರಣೀತಾಳ ಮುಂದಿನಿಂದ ಪಾತ್ರೆ ಎಳೆದುಕೊಂಡವನು ಅದೇ ಕಟ್ಟಡದ ಮೂರನೇ ಮಹಡಿಯ ಸಂಕರ್ಷಣ. ನೆರೂಳ ಸ್ಟೇಷನ್ ಬಳಿಯ ಉಡುಪಿ ಹೋಟೆಲಿನವರ ಮಗ, ದಿನವೂ ಮೆಟ್ಟಿಲಲ್ಲಿ ಎದುರಾದಾಗ ನಕ್ಕು ಹೋಗುವವನು.

ಮಲ್ಪೆಯಲ್ಲಿ ಯಾರಿಗೆ ಶೀತವಾದರೂ ಅಮ್ಮ ಮಾಡುತ್ತಿದ್ದಂತೆಯೇ ಅವಳು ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿದ್ದಳು. ಬೆಕ್ಕಿಗೆ ಅದು ವಿಷ, ನಮ್ಮ ಹೋಟೆಲಿನ ಬೆಕ್ಕಿನ ಡಾಕ್ಟರೇ ಹೇಳಿದ್ದು ಎಂದ ಅವನು. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು.

ಮಳೆಯಲ್ಲಿ ಎತ್ತಿ ತಂದ ಮರಿ. ಮೂಗು ಕಟ್ಟಿ ಎರಡು ದಿನವಾಗಿತ್ತು, ಉಸಿರೆಳೆದರೆ ಗೊರಗೊರ ಸದ್ದು. ಪಿ.ಜಿ.ಯಲ್ಲಿ ಅದಕ್ಕೆ ಜಾಗವಿಲ್ಲ, ಆಫೀಸಿನಲ್ಲಿ ಇವಳಿಗೆ ರಜೆಯಿಲ್ಲ. ಬೇರೆ ದಾರಿ ಕಾಣದೆ ಅವನ ಕೈಗೇ ಒಪ್ಪಿಸಿ ವಾಶಿಯ ಆಫೀಸಿಗೆ ಓಡಿದಳು.

ಮಧ್ಯಾಹ್ನ ಅವನ ಫೋನ್ ಬಂತು. ವಾಸನೆ ತಿಳಿಯದ್ದಕ್ಕೇ ಮರಿ ತಿನ್ನುತ್ತಿಲ್ಲವಂತೆ. ಇವತ್ತೂ ತಿನ್ನದಿದ್ದರೆ ಉಳಿಯುವುದು ಕಷ್ಟವಂತೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು... ಆಮೇಲೆ ಸ್ವಿಚ್ ಆಫ್.

ಸಂಜೆಯ ಲೋಕಲ್‌ನಲ್ಲಿ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಸಾನಪಾಡಾ, ಜುಯಿನಗರ... ನಡುವೆ ಇರುವುದೇ ಎರಡು ಸ್ಟೇಷನ್, ಮುಗಿಯುವುದೇ ಇಲ್ಲ!

ಮೂರನೇ ಮಹಡಿಯ ಬಾಗಿಲಲ್ಲಿ ಅವನ ತಾಯಿ ಜಯಲತಾ ಮುಖ ಗಂಟಿಕ್ಕಿದರು. "ಬೆಕ್ಕು ಹಿಡ್ಕೊಂಡು ಹೊರಗೆ ಹೋಗು ಅಂದೆ ನಾನು. ಎಲ್ಲಿ ಬಿಟ್ಟನೋ, ನಂಗೆ ಗೊತ್ತಿಲ್ಲ ಮಾರಾಯ್ತಿ."

ಬೀದಿಗೆ ಬಿಟ್ಟುಬಿಟ್ಟನೇ? ಇವನನ್ನು ನಂಬಿ ಕೆಟ್ಟೆನಲ್ಲ...

ಕಾಂಪೌಂಡು, ಪಂಪಿನ ಕೋಣೆ ಎಲ್ಲ ಹುಡುಕಿ ಕೊನೆಗೆ ಟೆರೇಸಿಗೆ ಏರಿದಳು. ಬಾಗಿಲಲ್ಲೇ ಮೀನಿನ ವಾಸನೆ ಮೂಗಿಗೆ ಬಡಿಯಿತು.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸ್ಟವ್ ಮುಂದೆ ಕೂತಿದ್ದ ಸಂಕರ್ಷಣ. ತಟ್ಟೆಯಲ್ಲಿ ಬೇಯಿಸಿದ ಬಂಗುಡೆ, ಮಡಿಲಲ್ಲಿ ಟವೆಲ್ ಸುತ್ತಿದ ಮರಿ. ಹುಟ್ಟಿದಾಗಿನಿಂದ ಮೀನು ಮುಟ್ಟದವನು!

"ವಾಸನೆ ಜೋರಿರುವುದು ಕೊಡಿ ಅಂದ್ರು ಡಾಕ್ಟ್ರು. ಮನೇಲಿ ಬೇಯಿಸ್ಲಿಕ್ಕೆ ಆಗುದಿಲ್ಲ. ಬ್ಯಾಟರಿ ಬೇರೆ ಹೋಯ್ತು..." ಅವನು ತಲೆ ತಗ್ಗಿಸಿದ. "ಮುಳ್ಳು ತೆಗೀಲಿಕ್ಕೆ ನಂಗೆ ಬರುದಿಲ್ಲ. ನಿಮ್ಮನ್ನೇ ಕಾಯ್ತಾ ಇದ್ದೆ."

ಅನುಮಾನಪಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಪಕ್ಕದಲ್ಲೇ ಕೂತು ಮುಳ್ಳು ಬಿಡಿಸಿದಳು, ಬಿಸಿ ತುಣುಕನ್ನು ಮರಿಯ ಮೂಗಿಗೆ ಹಿಡಿದಳು. ಮರಿ ಸೀನಿತು. ಆಮೇಲೆ ನಾಲಿಗೆ ಚಾಚಿತು. ಒಂದು ತುಣುಕು... ಇನ್ನೊಂದು...

ಇಬ್ಬರೂ ಬಿಗಿಹಿಡಿದಿದ್ದ ಉಸಿರನ್ನು ಒಟ್ಟಿಗೇ ಬಿಟ್ಟರು.

"ನಿಮ್ಮಮ್ಮ ಈಗ ನಿಮ್ಮನ್ನು ಮನೆಗೆ ಸೇರಿಸ್ತಾರಾ?"

"ಸ್ನಾನ ಮಾಡಿದ್ರೆ ನನ್ನನ್ನು ಸೇರಿಸ್ತಾರೆ. ನಿಮ್ಮನ್ನು ಸೇರಿಸ್ಲಿಕ್ಕೆ ಸ್ವಲ್ಪ ದಿನ ಬೇಕಾದೀತು..." ಅವನು ಮೂಗಿನ ಕರವಸ್ತ್ರ ಬಿಚ್ಚಿದ. "ಕಾಯ್ತೀರಾ?"

ಪ್ರಣೀತಾ ಇನ್ನೊಂದು ಬಂಗುಡೆಯನ್ನು ಅವನ ಮುಂದಕ್ಕೆ ಸರಿಸಿದಳು.

"ಕಾಯ್ತೇನೆ. ಅಷ್ಟರೊಳಗೆ ಮುಳ್ಳು ತೆಗೀಲಿಕ್ಕೆ ಕಲೀರಿ."