ದನದ ದವಾಖಾನೆಯಲ್ಲಿ ಹೊಳೆವ್ವಜ್ಜಿ

"ಹೆಸರು?"

"ಹೊಳೆವ್ವ."

"ಎಮ್ಮೀಗೆ ಹೊಳೆವ್ವ ಅಂತ ಹೆಸರಿಟ್ಟೀರೇನು?"

"ಎಮ್ಮಿ ಹೆಸರು ಬೆಳ್ಳಿ. ಹೊಳೆವ್ವ ನಾನು. ಇಬ್ಬರದೂ ಚೀಟಿ ಮಾಡು."

ಹಳಿಯಾಳದ ದನದ ದವಾಖಾನೆಯ ಕಂಪೌಂಡರ್ ಮೌನೇಶ ಪೆನ್ನು ಎತ್ತಿ ಅಜ್ಜಿಯನ್ನು ನೋಡಿದ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಸಹನಾಳನ್ನು ನೋಡಿದ. ಕೊನೆಗೆ ಕರಿ ಎಮ್ಮೆ ಬೆಳ್ಳಿಯನ್ನು ನೋಡಿದ. ಮೂವರಲ್ಲಿ ಬೆಳ್ಳಿಯೇ ಶಾಂತವಾಗಿದ್ದಳು.

ಭೂಮಿ ಬಾಯಿಬಿಡಬಾರದೇ ಅನಿಸಿತು ಸಹನಾಗೆ. ಹಿಂದೆಯೇ ಅವಳ ಕ್ಲಾಸಿನ ಅಜಯ ಆಡು ಹಿಡಿದುಕೊಂಡು ನಿಂತಿದ್ದ. ಸೋಮವಾರ ಐದನೇ ಕ್ಲಾಸಿಗೆಲ್ಲ ಸುದ್ದಿ!

"ಅಜ್ಜಿ, ಮಂದಿ ದವಾಖಾನಿ ಆ ಕಡೆ ಐತಿ," ಎಂದ ಮೌನೇಶ.

"ಗೊತ್ತೈತಿ. ಅಲ್ಲಿ ಭಾಳ ಪ್ರಶ್ನೆ ಕೇಳ್ತಾರ. ನೀ ಬರಿ."

ಮೌನೇಶ ರಿಜಿಸ್ಟರಿನಲ್ಲಿ ಒಂದು ಕಾಲಮ್ಮೂ ಖಾಲಿ ಬಿಡುವವನಲ್ಲ. "ತಳಿ?" ಎಂದ.

"ತವರುಮನಿ ಮುಂಡಗೋಡ."

"ಬಣ್ಣ?"

"ಕಣ್ಣು ಕಾಣಾಂಗಿಲ್ಲೇನು?"

"ಕರು ಎಷ್ಟು?"

"ಐದು. ಕಡೀದು ಈಕಿ ಅಪ್ಪ."

"ಹಾಲು?"

ಅಜ್ಜಿ ಅವನನ್ನೇ ದಿಟ್ಟಿಸಿದಳು. ಮೌನೇಶ ಅಲ್ಲೊಂದು ಗೆರೆ ಎಳೆದ. "ಇಬ್ಬರಿಗೂ ಏನು ತ್ರಾಸು?"

"ಕೆಮ್ಮು."

ಡಾಕ್ಟರ್ ಕಿರಣಕುಮಾರ ಮೊದಲು ಬೆಳ್ಳಿಯ ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟರು. "ಯಾವಾಗಿಂದ ಕೆಮ್ತದ?"

"ಹೊಟ್ಟಿ ಉಬ್ಬಿತ್ತರಿ. ಅಪ್ಪ ಬಿದಿರಿನ ಗೊಟ್ಟದಾಗ ಎಣ್ಣಿ ಕುಡಿಸಿದ. ಅವತ್ತಿಂದ," ಎಂದಳು ಸಹನಾ.

"ಮುಖ ಎಷ್ಟು ಎತ್ತಿದ್ದ?"

ಸಹನಾ ಆಕಾಶ ತೋರಿಸಿದಳು.

"ಅದಕ್ಕ ನೋಡು. ಗಂಟಲದಾಗ ಎರಡು ದಾರಿ. ಒಂದು ಹೊಟ್ಟೀಗೆ, ಒಂದು ಉಸಿರಿಗೆ. ನುಂಗೂ ಮುಂದ ಉಸಿರಿನ ಬಾಗಿಲ ಮುಚ್ಚಬೇಕು. ಮುಖ ಎತ್ತಿ ಸುರುವಿದ್ರ, ಬಾಗಿಲ ಮುಚ್ಚೂದರೊಳಗ ಎಣ್ಣಿ ತಪ್ಪು ದಾರಿ ಹಿಡೀತದ." ಅವರು ಬೆಳ್ಳಿಗೆ ಇಂಜೆಕ್ಷನ್ ಚುಚ್ಚಿದರು. ಬೆಳ್ಳಿ ಬಾಲ ಬೀಸಿ ಅವರ ಕನ್ನಡಕ ಬೀಳಿಸಿದಳು.

"ಮುಂದಿನ ಪೇಷಂಟ್," ಎಂದ ಮೌನೇಶ. "ಹೊಳೆವ್ವ."

ಡಾಕ್ಟರು ಕನ್ನಡಕ ಒರೆಸುತ್ತ, "ಮಂದೀಗೆ ನಾ ಔಷಧ ಕೊಡೂ ಹಂಗಿಲ್ಲಬೇ," ಎಂದರು.

"ಔಷಧ ಯಾರು ಕೇಳಿದ್ರು? ನೋಡಿದ್ರ ಸಾಕು."

ಅಜ್ಜಿ ಅಲ್ಲಿದ್ದ ತಂಬಿಗೆ ಎತ್ತಿ, ತುಟಿ ತಾಗದಂತೆ ತಲೆ ಹಿಂದಕ್ಕೆ ಬಾಗಿಸಿ ನೀರು ಸುರಿದುಕೊಂಡಳು. ಎರಡನೇ ಗುಟುಕಿಗೇ ಕೆಮ್ಮು ಬಂತು. ಎಂಥ ಕೆಮ್ಮು! ಆಡು ಬೆದರಿ ಅಜಯನನ್ನು ಗೇಟಿನವರೆಗೆ ಎಳೆದೊಯ್ದಿತು. ಕೆಮ್ಮು ನಿಲ್ಲಲಿಲ್ಲ. ಅಜ್ಜಿಯ ಮುಖ ಕಪ್ಪಿಟ್ಟಿತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಸಹನಾ ಆ ಕೈ ಹಿಡಿದುಕೊಂಡಳು. ಅಜಯ, ಐದನೇ ಕ್ಲಾಸು ಎಲ್ಲ ಮರೆತೇ ಹೋಯಿತು.

ಡಾಕ್ಟರು ಅಜ್ಜಿಯನ್ನು ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿದರು. ಕೆಮ್ಮು ಇಳಿದ ಮೇಲೆ, ಅಭ್ಯಾಸಬಲದಿಂದ ಸಹನಾಳನ್ನು ಕೇಳಿದರು: "ಮೇವು ಸರಿಯಾಗಿ ತಿಂತದೇನು?"

"ಸೋಮವಾರ, ಗುರುವಾರ, ಶನಿವಾರ ಉಪವಾಸರಿ," ಎಂದಳು ಸಹನಾ.

"ಉಪವಾಸಲ್ಲ," ಎಂದಳು ಅಜ್ಜಿ, ಬೆಳ್ಳಿಯ ಕಡೆ ನೋಡುತ್ತ. "ನುಂಗಾಕ ಅಂಜಿಕಿ. ಕೆಮ್ಮಿದ್ರ ಎಲ್ಲಾರೂ ಊಟ ಬಿಟ್ಟು ನನ್ನ ಮಾರಿ ನೋಡ್ತಾರ. ದೇವರ ಹೆಸರು ಹೇಳಿದ್ರ ಯಾರೂ ಕೇಳಾಂಗಿಲ್ಲ."

"ಯಾವಾಗಿಂದಬೇ?"

"ದೀಪಾವಳಿಯಿಂದ."

ಮೌನೇಶ ಅದನ್ನು ಬರೆದುಕೊಳ್ಳಲಿಲ್ಲ.

"ಈಗಿಂದೀಗ ಮಂದಿ ದವಾಖಾನಿಗೆ ಹೋಗ್ರಿ," ಎಂದರು ಡಾಕ್ಟರು. ಮೌನೇಶ ಮಾಡಿದ್ದ ಹೊಳೆವ್ವನ ಚೀಟಿಯ ಹಿಂದೆಯೇ ನಾಲ್ಕು ಸಾಲು ಬರೆದುಕೊಟ್ಟರು. ಬೆಳ್ಳಿಯನ್ನು ನೋಡಿಕೊಳ್ಳಲು ಮೌನೇಶ ಒಪ್ಪಿದ.

ಮಂದಿ ದವಾಖಾನೆಯ ಡಾಕ್ಟರಮ್ಮ ಚೀಟಿಯನ್ನು ತಿರುಗಿಸಿ ತಿರುಗಿಸಿ ಓದಿದರು. "ತಳಿ, ತವರುಮನಿ ಮುಂಡಗೋಡ. ಕರು ಐದು." ನಗು ಮರೆಸಲು ಅವರು ಕೆಮ್ಮಿದಂತೆ ಮಾಡಿ ಬಾಯಿಗೆ ಕೈ ಅಡ್ಡ ಹಿಡಿದರು.

ಆಮೇಲೆ ಅಜ್ಜಿಯ ಎದೆಯನ್ನು ತುಂಬಾ ಹೊತ್ತು ಪರೀಕ್ಷಿಸಿದರು. ಮಾತ್ರೆ ಬರೆದರು. ಹುಬ್ಬಳ್ಳಿಗೆ ಹೋಗಿ ಗಂಟಲು ತೋರಿಸಲೇಬೇಕು ಎಂದರು. "ಅಲ್ಲೀ ತನಕ ಎತ್ತಿ ಕುಡೀಬ್ಯಾಡ್ರಿ. ನೆಟ್ಟಗ ಕೂತು, ಗದ್ದ ಕೆಳಗ ಮಾಡಿ, ಸಣ್ಣ ಸಣ್ಣ ಗುಟುಕು."

"ಬೆಳ್ಳಿ ಡಾಕ್ಟರೂ ಇದನ್ನ ಹೇಳ್ಯಾರ," ಎಂದಳು ಅಜ್ಜಿ. ಮನುಷ್ಯರ ಡಾಕ್ಟರಿಗೂ ಸ್ವಲ್ಪ ಗೊತ್ತಿದೆ ಎಂದು ಆಕೆಗೆ ಸಮಾಧಾನವಾದಂತಿತ್ತು.

ಅವತ್ತು ಸಂಜೆ ಅಜ್ಜಿ ಎಲ್ಲರ ಸಾಲಿನಲ್ಲೇ ಊಟಕ್ಕೆ ಕೂತಳು. ಅವ್ವ ಅನ್ನ ಮೆತ್ತಗೆ ಮಾಡಿದ್ದಳು. ಅಜ್ಜಿ ಗದ್ದ ತಗ್ಗಿಸಿ ಒಂದು ತುತ್ತು ನುಂಗಿದಳು. ಇನ್ನೊಂದು. ಮೂರನೆಯದಕ್ಕೆ ಕೆಮ್ಮು ಬಂತು.

ಅಪ್ಪನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಅವ್ವ ಅರ್ಧ ಎದ್ದಳು. ಸಹನಾಳ ಕುತ್ತಿಗೆಯೂ ತಾನಾಗಿಯೇ ಆ ಕಡೆ ತಿರುಗಲು ಹೊರಟಿತ್ತು. ಅವಳು ಅದನ್ನು ತಡೆದು ತನ್ನ ತಾಟು ನೋಡಿದಳು. ಪಲ್ಯದಲ್ಲಿ ಏಳು ಸಾಸಿವೆ ಕಾಳು ಕಂಡವು. ಕಿವಿ ಮಾತ್ರ ಅಜ್ಜಿಯ ಉಸಿರಿನ ಕಡೆಗೇ ಇತ್ತು.

"ಅಪ್ಪಾ, ಚಟ್ನಿ ಈ ಕಡೆ ಕೊಡು," ಎಂದಳು. "ಅವ್ವಾ, ಅಜಯನ ಆಡು ಇವತ್ತು ಏನು ಮಾಡ್ತು ಗೊತ್ತೇನು?"

ಕೆಮ್ಮು ಸಣ್ಣದಾಯಿತು. ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ಬಳೆ ತಾಟಿಗೆ ತಾಗಿದ ಸದ್ದು ಕೇಳಿತು. ನಾಲ್ಕನೇ ತುತ್ತು.

ಸಹನಾ ಆಡಿನ ಕತೆಯನ್ನು ಇನ್ನೂ ಉದ್ದ ಮಾಡಿದಳು.